ಗುಂಡಿನ ಸಪ್ಪಳವಿಲ್ಲದ ಯುದ್ಧದ ಸಿನಿಮಾಗಳು

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ತಿಂಗಳಿಗೊಂದು ರವಿವಾರ ಐದಾರು ಜನ ಕೂತು ಸಿನಿಮಾ ನೋಡುತ್ತೇವೆ. ಏರ್ಪಾಡು ಅಂತ ದೊಡ್ಡದೇನಿಲ್ಲ. ಟಿವಿಗೆ ಪೆನ್‌ಡ್ರೈವ್ ಹಾಕುವುದು, ನಡುವೆ ಚಹಾ, ಗಿರ್ಮಿಟ್. ಮೂರು ತಿಂಗಳ ಹಿಂದೆ ದೇಶ ವಿಭಜನೆಯ ಕಥೆಯಿರುವ 'ಗರ್ಮ್ ಹವಾ' ನೋಡಿದೆವು. ಮುಗಿದ ಮೇಲೆ ಪಕ್ಕದ ಮನೆಯ ಕಾಕಾ ಕೇಳಿದರು. ಅವರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು.

"ಅಲ್ಲ ತಂಗಿ, ದೇಶ ಒಡದ ಸಿನಿಮಾ ಅಂದಿ. ಒಂದ ಹೊಡದಾಟಾನೂ ತೋರಸಲಿಲ್ಲಲ್ಲ?"

ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ಯುದ್ಧ, ಗಲಭೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಬೆಂಕಿ, ಓಡುವ ಜನ, ತುಂಬಿದ ರೈಲು. ಆದರೆ ಯುದ್ಧದಿಂದ ಊರು ಬಿಟ್ಟವರ ಬಗ್ಗೆ ಬಂದ ಒಳ್ಳೆಯ ಸಿನಿಮಾಗಳನ್ನು ಸಾಲಾಗಿ ನೋಡಿದರೆ ಒಂದು ವಿಷಯ ಕಾಣುತ್ತದೆ. ಅವುಗಳಲ್ಲಿ ಯುದ್ಧಕ್ಕೆ ಸಿಗುವುದು ಬಹಳ ಕಡಿಮೆ ಹೊತ್ತು. ಉಳಿದ ಹೊತ್ತೆಲ್ಲ ಬಾಡಿಗೆ ಮನೆ ಹುಡುಕುವುದು, ಕಾಗದಪತ್ರಕ್ಕೆ ಅಲೆಯುವುದು, ಹೊಸ ಭಾಷೆಯಲ್ಲಿ ತಡವರಿಸುವುದು, ಯಾರದೋ ಮನೆಯ ಮೂಲೆಯಲ್ಲಿ ಹಂಗಿನಲ್ಲಿ ಇರುವುದು. ಗುಂಡು ಹಾರಿಸಿದವರು ಕಥೆಯಿಂದ ಬೇಗ ಹೊರಗೆ ಹೋಗುತ್ತಾರೆ. ಕೊನೆಯ ತನಕ ಉಳಿಯುವವರು ಮನೆ ಮಾಲೀಕ, ಬ್ಯಾಂಕಿನವನು, ಪಕ್ಕದ ಮನೆಯವಳು, ಶಾಲೆಯ ಮಾಸ್ತರು. ಅಂದರೆ ನಮ್ಮಂಥವರು. ಈ ಸಿನಿಮಾಗಳನ್ನು ಹೀಗೆ ನೋಡಿದಾಗ ಮಾತ್ರ ಅವು ಪೂರ್ತಿ ಅರ್ಥವಾಗುತ್ತವೆ ಅನ್ನೋದು ನನ್ನ ನಂಬಿಕೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ತೆಗೆದುಹಾಕೋಣ. ನಮ್ಮ ಕಡೆ ಊರು ಬಿಟ್ಟವರಿಗೆ ಬೇರೆ ಬೇರೆ ಹೆಸರುಗಳಿವೆ. ಮಳೆ ಕೈಕೊಟ್ಟಾಗ ಗದಗಿನ ತಾಂಡಾಗಳಿಂದ ಗೋವಾದ ಕಡೆ ದುಡಿಯಲು ಹೋದರೆ ಅದು ಗುಳೆ. ಹೊಳೆ ಬಂದು ಮನೆ ಕಳೆದುಕೊಂಡವರು, ಅಣೆಕಟ್ಟಿನ ಹಿನ್ನೀರಿಗೆ ಊರು ಕೊಟ್ಟವರು ಸಂತ್ರಸ್ತರು. ನಿರಾಶ್ರಿತ ಅನ್ನುವ ಪದವನ್ನು ನಾವು ಇವರೆಲ್ಲರಿಗೂ ಬಳಸಿಬಿಡುತ್ತೇವೆ. ಕಾನೂನು ಹಾಗೆ ಬಳಸುವುದಿಲ್ಲ.

1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿರಾಶ್ರಿತ ಅಂದರೆ ತನ್ನ ದೇಶದ ಗಡಿ ದಾಟಿದವನು. ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಒಂದು ಸಮುದಾಯಕ್ಕೆ ಸೇರಿದ್ದು, ಇಲ್ಲವೇ ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದು ಕಾರಣಕ್ಕೆ ತನಗೆ ಹಿಂಸೆ ಆಗುತ್ತದೆ ಎಂಬ ನಿಜವಾದ ಭಯ ಅವನಿಗಿರಬೇಕು. ಆ ಒಪ್ಪಂದವನ್ನು ಎರಡನೇ ಮಹಾಯುದ್ಧದ ನಿರಾಶ್ರಿತರಿಗೆ ಅಂತ ಮಾಡಿದ್ದು. 1951ಕ್ಕಿಂತ ಮುಂಚಿನ ಘಟನೆಗಳಿಂದ ಊರು ಬಿಟ್ಟವರಿಗೆ ಮಾತ್ರ ಅದು ಲಾಗೂ ಆಗುತ್ತಿತ್ತು. 1967ರಲ್ಲಿ ಇನ್ನೊಂದು ಒಪ್ಪಂದ ಮಾಡಿ ಆ ಮಿತಿ ತೆಗೆದರು. ಭಾರತ ಎರಡಕ್ಕೂ ಸಹಿ ಹಾಕಿಲ್ಲ. ಹಾಗಿದ್ದೂ ಟಿಬೆಟಿಯನ್ನರಿಗೆ, 1971ರ ಬಾಂಗ್ಲಾ ಯುದ್ಧದಲ್ಲಿ ಬಂದ ಸುಮಾರು 1 ಕೋಟಿ ಜನರಿಗೆ, ಶ್ರೀಲಂಕಾದ ತಮಿಳರಿಗೆ ಇಲ್ಲಿ ಜಾಗ ಸಿಕ್ಕಿದೆ.

ಆ ಐದು ಕಾರಣಗಳನ್ನು ಮತ್ತೊಮ್ಮೆ ಓದಿ. ಅದರಲ್ಲಿ ಯುದ್ಧ ಇಲ್ಲ. ಊರಿನ ಮೇಲೆ ಬಾಂಬು ಬಿತ್ತು, ಓಡಿ ಬಂದೆ ಅಂದರೆ ಅಷ್ಟೇ ಸಾಲದು. 'ಬಾಂಬು ಎಲ್ಲರ ಮೇಲೂ ಬಿತ್ತು, ನಿನಗೆ ಪ್ರತ್ಯೇಕವಾಗಿ ಏನು ಭಯ?' ಅಂತ ಅಧಿಕಾರಿ ಕೇಳಬಹುದು. ಅದಕ್ಕೇ ಈ ಸಿನಿಮಾಗಳಲ್ಲಿ ಮತ್ತೆ ಮತ್ತೆ ಒಂದು ಮೇಜು ಬರುತ್ತದೆ. ಆ ಕಡೆ ಒಬ್ಬ ಅಧಿಕಾರಿ, ಈ ಕಡೆ ಒಬ್ಬ ದಣಿದ ಮನುಷ್ಯ, ನಡುವೆ ಒಬ್ಬ ದುಭಾಷಿ. ಆ ದೃಶ್ಯ ಯಾಕಿದೆ ಅಂತ ಗೊತ್ತಿಲ್ಲದಿದ್ದರೆ ಬರೀ ಮಾತುಕತೆ ಅನಿಸಿ ಬೇಸರ ಬರುತ್ತದೆ. ಗೊತ್ತಿದ್ದರೆ ಎದೆ ಹೊಡೆದುಕೊಳ್ಳುತ್ತದೆ.

ಇನ್ನೊಂದು ಮಾತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಲ್ಲಿ 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ಮನೆ ಬಿಟ್ಟವರು 12 ಕೋಟಿ 30 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಡಿ ದಾಟಿಯೇ ಇಲ್ಲ. ತಮ್ಮದೇ ದೇಶದಲ್ಲಿ, ಬೇರೆ ಊರಲ್ಲಿ, ನೆಂಟರ ಮನೆಯಲ್ಲಿ, ಶಾಲೆಯ ಕೋಣೆಯಲ್ಲಿ ಇದ್ದಾರೆ. ಗಡಿ ದಾಟಿದವರಲ್ಲೂ ಬಹಳ ಮಂದಿ ಇರುವುದು ಪಕ್ಕದ ದೇಶದಲ್ಲಿ, ಯೂರೋಪಿನಲ್ಲಲ್ಲ. ಸಮುದ್ರದ ನಡುವೆ ರಬ್ಬರ್ ದೋಣಿಯ ಚಿತ್ರ ನಾವು ಜಾಸ್ತಿ ನೋಡಿದ್ದೇವೆ. ಅದು ಸುಳ್ಳಲ್ಲ, ಆದರೆ ಅದು ಇಡೀ ಕಥೆಯ ಒಂದು ತುಂಡು ಮಾತ್ರ.

ಈಗ ಸಿನಿಮಾಗಳಿಗೆ ಬರೋಣ. ಊರು ಬಿಡುವುದು, ಕಾಯುವುದು, ನೆಲೆ ನಿಲ್ಲುವುದು, ಹೀಗೆ ಸ್ಥೂಲವಾಗಿ ಮೂರು ಕಾಲ ಇವುಗಳಲ್ಲಿವೆ. ಊರು ಬಿಡುವುದನ್ನು ತೋರಿಸುವುದು ಸಿನಿಮಾಕ್ಕೆ ಸುಲಭ. ಓಟ ಇದೆ, ಅಪಾಯ ಇದೆ, ಸಂಗೀತ ಹಾಕಿದರೆ ಪ್ರೇಕ್ಷಕ ಕುರ್ಚಿಯ ತುದಿಗೆ ಬರುತ್ತಾನೆ. ಅದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಕಾಯುವುದನ್ನು ತೋರಿಸುವುದು ಕಷ್ಟ, ಯಾಕಂದರೆ ಕಾಯುವಾಗ ಏನೂ ಆಗುವುದಿಲ್ಲ.

ಕಾಯುವುದನ್ನೇ ಕಥೆ ಮಾಡಿದ ಹಳೆಯ ಸಿನಿಮಾ 1942ರ 'ಕಾಸಾಬ್ಲಾಂಕಾ'. ಎಲ್ಲರೂ ಅದನ್ನು ಪ್ರೇಮಕಥೆ ಅಂತ ನೋಡುತ್ತಾರೆ. ಒಮ್ಮೆ ಹಿಂದೆ ಕೂತ ಜನರನ್ನು ನೋಡಿ. ಹಿಟ್ಲರನ ಸೇನೆಯಿಂದ ತಪ್ಪಿಸಿಕೊಂಡು ಮೊರಾಕ್ಕೊದ ಒಂದು ಊರಿಗೆ ಬಂದು, ಅಮೆರಿಕಕ್ಕೆ ಹೋಗುವ ವೀಸಾಕ್ಕಾಗಿ ಕಾಯುತ್ತಿರುವವರು. ಒಬ್ಬಳು ವಜ್ರ ಮಾರುತ್ತಾಳೆ. ಗಂಡ ಹೆಂಡತಿ ಇಬ್ಬರು ಅಮೆರಿಕದಲ್ಲಿ ಬೇಕಾಗುತ್ತದೆಂದು ಇಂಗ್ಲಿಷ್ ಕಲಿಯುತ್ತಿದ್ದಾರೆ. ಆ ಪಾತ್ರ ಮಾಡಿದವರಲ್ಲಿ ಎಷ್ಟೋ ಮಂದಿ ನಿಜವಾಗಿಯೂ ಯೂರೋಪ್ ಬಿಟ್ಟು ಓಡಿ ಬಂದ ನಟರು. ನಾಜಿ ಅಧಿಕಾರಿಯ ಪಾತ್ರ ಮಾಡಿದ ಕಾನ್ರಾಡ್ ವೈಟ್ ತನ್ನ ಯಹೂದಿ ಹೆಂಡತಿಯ ಜೊತೆ 1933ರಲ್ಲಿ ಜರ್ಮನಿ ಬಿಟ್ಟವನು. ಹೋಟೆಲಿನಲ್ಲಿ ಎಲ್ಲರೂ ಎದ್ದು ಫ್ರಾನ್ಸಿನ ರಾಷ್ಟ್ರಗೀತೆ ಹಾಡುವ ದೃಶ್ಯದಲ್ಲಿ ಅಳುವ ಹುಡುಗಿ ಮ್ಯಾಡಲೀನ್ ಲೆಬೋ, 1940ರಲ್ಲಿ ಫ್ರಾನ್ಸಿನಿಂದ ತಪ್ಪಿಸಿಕೊಂಡು ಬಂದವಳು. ಆ ದೃಶ್ಯವನ್ನು ಇದು ಗೊತ್ತಿದ್ದು ನೋಡಿದರೆ ಬೇರೆಯೇ ಆಗಿ ಕಾಣುತ್ತದೆ.

ಬಹಮನ್ ಗೋಬಾದಿಯ 'ಟರ್ಟಲ್ಸ್ ಕ್ಯಾನ್ ಫ್ಲೈ' 2004ರದು. ಇರಾಕ್ ಮತ್ತು ಟರ್ಕಿಯ ಗಡಿಯಲ್ಲಿ ಕುರ್ದಿಶ್ ಜನರ ಕ್ಯಾಂಪ್. ಅಮೆರಿಕದ ದಾಳಿ ಇನ್ನೇನು ಶುರುವಾಗಲಿದೆ. ಅಲ್ಲಿನ ಮಕ್ಕಳಿಗೆ ದುಡಿಮೆ ಅಂದರೆ ಹೊಲದಲ್ಲಿ ಹೂತಿಟ್ಟ ಸಿಡಿಗುಂಡುಗಳನ್ನು ಕಿತ್ತು ಮಾರುವುದು. ಕೈಗಳಿಲ್ಲದ ಒಬ್ಬ ಹುಡುಗ ಬಾಯಿಂದ ಅದನ್ನು ಬಿಚ್ಚುತ್ತಾನೆ. ಊರಿಗೆ ಡಿಶ್ ಆಂಟೆನಾ ಹಾಕಿಕೊಡುವ ಇನ್ನೊಬ್ಬ ಹುಡುಗ ಎಲ್ಲರಿಗೂ ಯಜಮಾನ. ಯುದ್ಧ ಯಾವಾಗ ಬರುತ್ತದೆ ಅಂತ ದೊಡ್ಡವರು ಅವನ ಟಿವಿ ಮುಂದೆ ಕೂತು ಕಾಯುತ್ತಾರೆ. ನಮ್ಮ ಗುಂಪಿನಲ್ಲಿ ಇದನ್ನು ಎರಡು ಕಂತಿನಲ್ಲಿ ನೋಡಬೇಕಾಯಿತು. ಒಂದೇ ಸಲಕ್ಕೆ ಆಗಲಿಲ್ಲ.

ಕಾಯುವ ಕಾಲದಲ್ಲಿ ಎಲ್ಲಕ್ಕಿಂತ ದೊಡ್ಡ ವಸ್ತು ಕಾಗದ. ಅನ್ನ ಸಿಗಬಹುದು, ಹೊದಿಕೆ ಸಿಗಬಹುದು. ಹೆಸರಿರುವ ಒಂದು ಕಾಗದ ಸಿಗುವುದು ಕಷ್ಟ. 2015ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಡೆದ 'ದೀಪನ್' ಶುರುವಾಗುವುದೇ ಇಲ್ಲಿಂದ. ಶ್ರೀಲಂಕಾದ ಯುದ್ಧ ಮುಗಿದಿದೆ. ಸೋತ ಹೋರಾಟಗಾರ ಒಬ್ಬ, ಪರಿಚಯವಿಲ್ಲದ ಹೆಂಗಸೊಬ್ಬಳು, ತಾಯಿ ಇಲ್ಲದ 9 ವರ್ಷದ ಹುಡುಗಿ. ಸತ್ತುಹೋದ ಒಂದು ಕುಟುಂಬದ ಪಾಸ್‌ಪೋರ್ಟ್ ಸಿಗುತ್ತದೆ. ಮೂವರೂ ಗಂಡ, ಹೆಂಡತಿ, ಮಗಳು ಅಂತ ಹೇಳಿಕೊಂಡು ಫ್ರಾನ್ಸಿಗೆ ಹೋಗುತ್ತಾರೆ. ನಾನು ಹೇಳಿದ ಆ ಮೇಜು ಇಲ್ಲೂ ಬರುತ್ತದೆ. ದೀಪನ್ ಅನ್ನುವ ಹೆಸರು ಹೊತ್ತ ಹೋರಾಟಗಾರ ತನಗೆ ಹೇಳಿಕೊಟ್ಟಿದ್ದ ಕಥೆಯನ್ನು ಒಪ್ಪಿಸುತ್ತಾನೆ. ದುಭಾಷಿಯೂ ತಮಿಳಿನವನೇ. ಈ ಕಥೆ ನಡೆಯೋದಿಲ್ಲ ಅಂತ ಅಧಿಕಾರಿಗೆ ತಿಳಿಯದ ಹಾಗೆ ತಮಿಳಿನಲ್ಲೇ ತಿದ್ದುತ್ತಾನೆ. ದೀಪನ್ ಪಾತ್ರ ಮಾಡಿದ ಆಂಟನಿದಾಸನ್ ಜೇಸುದಾಸನ್ ಹುಡುಗನಾಗಿದ್ದಾಗ ತಮಿಳು ಬಂಡುಕೋರರ ಎಲ್‌ಟಿಟಿಇಯಲ್ಲಿದ್ದು, ಅದನ್ನು ಬಿಟ್ಟು, ಕೊನೆಗೆ ಫ್ರಾನ್ಸ್ ಸೇರಿದವರು. ಶೋಭಾಶಕ್ತಿ ಹೆಸರಿನಲ್ಲಿ ತಮಿಳಿನಲ್ಲಿ ಬರೆಯುತ್ತಾರೆ. ನನಗೆ ಈ ಸಿನಿಮಾದ ಮೊದಲ ಮುಕ್ಕಾಲು ಭಾಗ ಬಹಳ ಇಷ್ಟ. ಸುಳ್ಳು ಗಂಡ ಹೆಂಡತಿ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಾ, ಒಬ್ಬರ ಮೇಲೊಬ್ಬರು ರೇಗುತ್ತಾ, ನಿಧಾನಕ್ಕೆ ನಿಜವಾದ ಮನೆಯಾಗುವುದು ಅಲ್ಲಿ ಚೆನ್ನಾಗಿ ಬಂದಿದೆ. ಕೊನೆಗೆ ಬರುವ ಬಂದೂಕಿನ ಹೊಡೆದಾಟ ಮಾತ್ರ ಬೇಕಿರಲಿಲ್ಲ. ಕಾಕಾ ಕೇಳಿದ್ದು ಅಲ್ಲಿ ಸಿಗುತ್ತದೆ, ಆದರೆ ಅಷ್ಟು ಹೊತ್ತು ಕಟ್ಟಿದ್ದು ಅಲ್ಲೇ ಕೆಡುತ್ತದೆ.

ನದೀನ್ ಲಬಾಕಿಯ 'ಕ್ಯಾಪರ್ನಮ್' (2018) ಕೂಡ ಕಾಗದದ ಕಥೆಯೇ. ಬೈರೂತಿನ ಬೀದಿಯ ಹುಡುಗ, ಅವನಿಗೆ ಜನನ ಪತ್ರ ಇಲ್ಲ. ವಯಸ್ಸು ಎಷ್ಟು ಅಂತ ವೈದ್ಯರು ಹಲ್ಲು ನೋಡಿ ಹೇಳಬೇಕು. ಕಥೆಯಲ್ಲಿ ಅವನು ಲೆಬನಾನಿನವನು. ಆದರೆ ಆ ಪಾತ್ರ ಮಾಡಿದ ಝೈನ್ ಅಲ್ ರಫೀಯಾ ಸಿರಿಯಾದ ಯುದ್ಧದಿಂದ ಓಡಿ ಬಂದ ಕುಟುಂಬದ ಹುಡುಗ. ಸಿನಿಮಾ ಮುಗಿಯುವುದು ಗುರುತಿನ ಚೀಟಿಗೆ ಫೋಟೋ ತೆಗೆಯುವಾಗ. 'ನಗು, ಇದು ಮರಣಪತ್ರ ಅಲ್ಲ' ಅನ್ನೋ ಅರ್ಥದ ಮಾತು ಕೇಳಿ ಹುಡುಗ ನಗುತ್ತಾನೆ. ಇಡೀ ಸಿನಿಮಾದಲ್ಲಿ ಅವನ ಮುಖದಲ್ಲಿ ನಾವು ಕಾಯುತ್ತಿದ್ದ ನಗು ಅದು. ಆಧಾರ್ ಕಾರ್ಡಿನ ಫೋಟೋ ಚೆನ್ನಾಗಿಲ್ಲ ಅಂತ ನಾವು ಬೇಸರ ಮಾಡಿಕೊಳ್ಳುತ್ತೇವಲ್ಲ, ಆ ಫೋಟೋ ಅಂದರೆ ಏನು ಅಂತ ಅಲ್ಲಿ ಗೊತ್ತಾಗುತ್ತದೆ.

ಕ್ಯಾಂಪ್, ಕಾಗದ, ಕಾಯುವುದು ಅಂದರೆ ಇರಾಕಿಗೋ ಬೈರೂತಿಗೋ ಹೋಗಬೇಕಿಲ್ಲ. ಹುಬ್ಬಳ್ಳಿಯಿಂದ ಹೊರಟು ತಡಸ ಕ್ರಾಸಿನಲ್ಲಿ ತಿರುಗಿದರೆ ಮುಂಡಗೋಡ. ಅಲ್ಲಿನ ಟಿಬೆಟಿಯನ್ ನೆಲೆ ಶುರುವಾದದ್ದು 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿ ಆಗಿದ್ದಾಗ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಹಿಮಾಲಯ ದಾಟಿ ಬಂದವರಿಗೆ ಕಾಡಿನ ಜಾಗ ಕೊಟ್ಟರು. ತಣ್ಣನೆಯ ನಾಡಿನಿಂದ ಬಂದವರು ನಮ್ಮ ಬಿಸಿಲಲ್ಲಿ ಕಾಡು ಸವರಿ, ಗೋವಿನಜೋಳ, ಭತ್ತ ಬೆಳೆದರು. ಡ್ರೆಪುಂಗ್, ಗ್ಯಾಂಡೆನ್ ಮಠಗಳ ಭಿಕ್ಷುಗಳು ಮೊದಲು ಇದ್ದದ್ದು ಬಂಗಾಳದ ಬಕ್ಸಾದಲ್ಲಿ. ಅದು ಬ್ರಿಟಿಷರ ಕಾಲದಲ್ಲಿ ಸೆರೆಯಾಳುಗಳನ್ನು ಇಟ್ಟಿದ್ದ ಜಾಗ. ಅಲ್ಲಿ ಕ್ಷಯ ಬಂದು ಎಷ್ಟೋ ಜನ ತೀರಿಕೊಂಡರು. ಉಳಿದವರು ಇಲ್ಲಿ ಬಂದು ಮಠಗಳನ್ನು ಮತ್ತೆ ಕಟ್ಟಿದರು. ಇವತ್ತು ಅಲ್ಲಿಗೆ ನಾವು ಮಕ್ಕಳನ್ನು ಕರೆದುಕೊಂಡು ರವಿವಾರ ಸುತ್ತಾಡಲು ಹೋಗುತ್ತೇವೆ. ಮೊಮೊ ತಿಂದು ಬರುತ್ತೇವೆ. ಅರವತ್ತು ವರ್ಷವಾದರೂ ಆ ಜಾಗಕ್ಕೆ ಜನ ಕರೆಯುವುದು 'ಕ್ಯಾಂಪ್' ಅಂತಲೇ. ಅಲ್ಲಿರುವ ಬಹಳ ಜನರ ಕೈಯಲ್ಲಿ ಇರುವುದು ನೋಂದಣಿ ಪತ್ರ. ಅದನ್ನು ಆಗಾಗ ನವೀಕರಿಸಬೇಕು.

ಚಳಿಗಾಲದಲ್ಲಿ ಅವರಲ್ಲಿ ಕೆಲವರು ಹುಬ್ಬಳ್ಳಿಗೆ ಸ್ವೆಟರ್ ಮಾರಲು ಬರುತ್ತಾರೆ. ನಾನು ಪ್ರತಿ ವರ್ಷ ಒಬ್ಬ ಅಕ್ಕನ ಹತ್ತಿರವೇ ಕೊಳ್ಳುವುದು. ನನಗಿಂತ ಚೆನ್ನಾಗಿ ಹುಬ್ಬಳ್ಳಿ ಮಾತು ಆಡುತ್ತಾರೆ. ಒಮ್ಮೆ ಈ ಸಿನಿಮಾಗಳ ಸುದ್ದಿ ತೆಗೆದೆ. ಅವರು ಸ್ವೆಟರ್ ಮಡಚುತ್ತಲೇ ಹೇಳಿದರು: "ಸಿನಿಮಾದಾಗ ನಮ್ಮಂಥಾರು ಬರೇ ಅಳತಾರ್ರಿ. ನಾವೇನ್ ದಿನಾ ಅಳತೀವೇನ್ರಿ? ದಿನಾ ಲೆಕ್ಕಾ ಬರಿತೀವಿ." ನಿಜ. ಲುಧಿಯಾನಾದಿಂದ ಸಾಲದ ಮೇಲೆ ಸರಕು ತಂದು, ಎರಡು ತಿಂಗಳಲ್ಲಿ ಮಾರಿ, ಸಾಲ ತೀರಿಸಿ, ಉಳಿದದ್ದರಲ್ಲಿ ಮಕ್ಕಳ ಫೀ ಕಟ್ಟಬೇಕು. ಆ ಮಾತು ಕೇಳಿದ ಮೇಲೆ ನಾನು ಸಿನಿಮಾಗಳಲ್ಲಿ ಲೆಕ್ಕ ಬರೆಯುವ ದೃಶ್ಯ ಇದೆಯಾ ಅಂತ ಹುಡುಕಲು ಶುರು ಮಾಡಿದೆ.

ಅಳು ಕಡಿಮೆ ಇರುವ ಒಂದು ಸಿನಿಮಾ ಇದೆ. ಭೂತಾನದ ಲಾಮಾ ಖ್ಯೆಂತ್ಸೆ ನೋರ್ಬು ಮಾಡಿದ 'ದಿ ಕಪ್' (1999). ಹಿಮಾಚಲದ ಒಂದು ಟಿಬೆಟಿಯನ್ ಮಠ. ನಟರು ಬಹುಪಾಲು ನಿಜವಾದ ಭಿಕ್ಷುಗಳು. 1998ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ನೋಡಬೇಕು ಅಂತ ಹುಡುಗ ಸನ್ಯಾಸಿಗಳಿಗೆ ಆಸೆ. ದುಡ್ಡು ಕೂಡಿಸಿ ಟಿವಿ, ಡಿಶ್ ಬಾಡಿಗೆಗೆ ತರಬೇಕು. ಇಷ್ಟೇ ಕಥೆ, ನಗುನಗುತ್ತಾ ನೋಡಬಹುದು. ಆದರೆ ಮಠದ ಹಿರಿಯ ಗುರುಗಳ ಕೋಣೆಯಲ್ಲಿ ಪೆಟ್ಟಿಗೆ ಕಟ್ಟಿ ಇಟ್ಟಿದೆ. ಟಿಬೆಟಿಗೆ ವಾಪಸು ಹೋಗುವ ದಿನಕ್ಕೆ ಅಂತ. ಫುಟ್‌ಬಾಲ್ ಹುಚ್ಚಿನ ಹುಡುಗರು ಈ ನೆಲದವರೇ ಆಗಿಬಿಟ್ಟಿದ್ದಾರೆ, ಗುರುಗಳು ಇನ್ನೂ ಹೊರಟು ನಿಂತಿದ್ದಾರೆ. ಒಂದೇ ಛಾವಣಿಯ ಕೆಳಗೆ ಎರಡು ಕಾಲ.

ಇನ್ನು ನೆಲೆ ನಿಲ್ಲುವ ಕಾಲ. ಇದೇ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಕಷ್ಟ. ಇಲ್ಲಿ ನಾನು ಮತ್ತೆ 'ಗರ್ಮ್ ಹವಾ'ಕ್ಕೆ ಬರುತ್ತೇನೆ. 1973ರ ಈ ಚಿತ್ರದ ನಿರ್ದೇಶಕ ಎಂ. ಎಸ್. ಸತ್ಯು, ಮೈಸೂರಿನವರು. ಕಥೆ ಇಸ್ಮತ್ ಚುಗ್ತಾಯಿ ಅವರದು, ಚಿತ್ರಕಥೆ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಅವರದು. ಆಗ್ರಾದಲ್ಲಿ ಬೂಟಿನ ಕಾರ್ಖಾನೆ ನಡೆಸುವ ಸಲೀಂ ಮಿರ್ಜಾ ಕಥಾನಾಯಕ. ಬಲರಾಜ್ ಸಾಹ್ನಿ ಮಾಡಿದ ಕೊನೆಯ ಪಾತ್ರಗಳಲ್ಲಿ ಒಂದು. ದೇಶ ಒಡೆದಿದೆ. ಒಬ್ಬೊಬ್ಬರೇ ನೆಂಟರು ರೈಲು ಹತ್ತಿ ಪಾಕಿಸ್ತಾನಕ್ಕೆ ಹೋಗುತ್ತಿದ್ದಾರೆ. ಮಿರ್ಜಾ ಎಲ್ಲರನ್ನೂ ಸ್ಟೇಷನ್ನಿಗೆ ಕಳಿಸಿ ಬರುತ್ತಾನೆ, ತಾನು ಮಾತ್ರ ಹೋಗುವುದಿಲ್ಲ. ಬಿಸಿಗಾಳಿಗೆ ಬೇರು ಕೀಳದ ಗಿಡ ಒಣಗುತ್ತದೆ ಎನ್ನುವ ಅರ್ಥದ ಮಾತನ್ನು ಟಾಂಗಾದವನು ಶುರುವಿನಲ್ಲೇ ಆಡುತ್ತಾನೆ. ಇಡೀ ಸಿನಿಮಾ ಆ ಒಣಗುವುದನ್ನು ತೋರಿಸುತ್ತದೆ.

ಅದು ಹೇಗೆ ಆಗುತ್ತದೆ ನೋಡಿ. ಹವೇಲಿ ಇರುವುದು ಅಣ್ಣನ ಹೆಸರಿನಲ್ಲಿ. ಅಣ್ಣ ಪಾಕಿಸ್ತಾನಕ್ಕೆ ಹೋದ. ಆ ಕಡೆ ಹೋದವರ ಆಸ್ತಿಯನ್ನು ಸರ್ಕಾರ ವಶಕ್ಕೆ ತಗೊಂಡು, ಆ ಕಡೆಯಿಂದ ಬಂದ ನಿರಾಶ್ರಿತರಿಗೆ ಕೊಡುವ ಕಾನೂನಿದೆ. ಹಾಗಾಗಿ ಎಲ್ಲೂ ಹೋಗದ ಮಿರ್ಜಾ ಮನೆ ಬಿಡಬೇಕು. ಬಾಡಿಗೆ ಮನೆ ಹುಡುಕುತ್ತಾನೆ. ಹೆಸರು ಕೇಳಿದ ಮೇಲೆ ಮನೆ ಇಲ್ಲ ಅನ್ನುತ್ತಾರೆ. ಬ್ಯಾಂಕು ಸಾಲ ಕೊಡುವುದಿಲ್ಲ, ನಾಳೆ ನೀವೂ ಓಡಿಹೋದರೆ ಅನ್ನೋ ಅನುಮಾನ. ಯಾರೂ ಅವನಿಗೆ ಕತ್ತಿ ತೋರಿಸುವುದಿಲ್ಲ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡುತ್ತಾರೆ. ನಾನು ಕಾಕಾಗೆ ಹೇಳಿದ್ದು ಇದನ್ನೇ: "ಕಾಕಾ, ಹೊಡೆದಾಟ ಇದೇ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಮನೆ ಕೇಳಿ ಬಂದ ಒಬ್ಬ ಹುಡುಗನಿಗೆ ಯಾವ ಪ್ರಶ್ನೆ ಕೇಳಿದ್ದರು ಅನ್ನೋದನ್ನು ಅವರಾಗಿಯೇ ಹೇಳಿದರು. ನಮ್ಮ ಊರುಗಳಲ್ಲಿ ಮನೆ ಕೊಡುವ ಮುಂಚೆ ಯಾವ ಪ್ರಶ್ನೆ ಕೇಳುತ್ತಾರೆ ಅಂತ ಎಲ್ಲರಿಗೂ ಗೊತ್ತಿದೆ, ಅಲ್ವಾ?

ಮಿರ್ಜಾನ ಹವೇಲಿ ಸಿಗುವುದು ಸಿಂಧ್‌ನಿಂದ ಬಂದ ಒಬ್ಬ ವ್ಯಾಪಾರಿಗೆ. ಅವನು ಕೆಟ್ಟವನಲ್ಲ, ತಾನೂ ಮನೆ ಬಿಟ್ಟು ಬಂದವನು. ಆ ಪಾತ್ರ ಎ. ಕೆ. ಹಾನಗಲ್ ಅವರದು. ಹೆಸರು ಕೇಳಿ ನಮ್ಮ ಹಾವೇರಿಯ ಹಾನಗಲ್ಲಿನವರು ಅಂದುಕೊಳ್ಳುವವರಿದ್ದಾರೆ. ಅವರದು ಕಾಶ್ಮೀರಿ ಪಂಡಿತರ ಮನೆತನ. ಕರಾಚಿಯಲ್ಲಿ ಜೈಲು ಕಂಡು, 1949ರಲ್ಲಿ ಮುಂಬೈಗೆ ಬಂದವರು. ಒಬ್ಬ ನಿರಾಶ್ರಿತನಿಗೆ ಮನೆ ಕೊಡಲು ಇನ್ನೊಬ್ಬನನ್ನು ನಿರಾಶ್ರಿತ ಮಾಡುವುದು, ಇಬ್ಬರೂ ಎದುರುಬದುರು ಕೂತು ಮಾತಾಡುವುದು. ಭಾರತದ ಸಿನಿಮಾದಲ್ಲಿ ಇದಕ್ಕಿಂತ ನೋವಿನ ದೃಶ್ಯ ನಾನು ಹೆಚ್ಚು ನೋಡಿಲ್ಲ.

ರಿತ್ವಿಕ್ ಘಟಕ್ ಅವರ 'ಮೇಘೇ ಢಾಕಾ ತಾರಾ' (1960) ಇದೇ ವಿಭಜನೆಯ ಪೂರ್ವದ ಕಡೆಯ ಕಥೆ. ಘಟಕ್ ಹುಟ್ಟಿದ್ದು ಢಾಕಾದಲ್ಲಿ. ಕಲ್ಕತ್ತಾದ ಹೊರವಲಯದ ನಿರಾಶ್ರಿತರ ಕಾಲನಿ, ಒಂದು ದೊಡ್ಡ ಕುಟುಂಬ, ಅದರ ಭಾರ ಬೀಳುವುದು ಮಗಳು ನೀತಾಳ ಮೇಲೆ. ಶುರುವಿನಲ್ಲಿ ಅವಳ ಚಪ್ಪಲಿ ಹರಿಯುತ್ತದೆ. ತಿಂಗಳ ಸಂಬಳದ ದಿನ ಎಲ್ಲರಿಗೂ ಏನೇನೋ ಬೇಕು, ಅವಳ ಚಪ್ಪಲಿ ಹಾಗೇ ಉಳಿಯುತ್ತದೆ. ಕುಟುಂಬ ಕೊನೆಗೂ ಮೇಲೇಳುತ್ತದೆ. ಅಣ್ಣ ಹೆಸರಾಂತ ಗಾಯಕ ಆಗುತ್ತಾನೆ, ಮನೆಗೆ ಮಹಡಿ ಬರುತ್ತದೆ. ನೀತಾ ಕ್ಷಯದಿಂದ ಬೆಟ್ಟದ ಮೇಲಿನ ಆಸ್ಪತ್ರೆ ಸೇರುತ್ತಾಳೆ. ನಾನು ಬದುಕಬೇಕು ಅಂದುಕೊಂಡಿದ್ದೆ ಅಂತ ಅಣ್ಣನ ಮುಂದೆ ಅವಳು ಕೂಗುವುದು ಕೇಳಿದ ಯಾರೂ ಮರೆಯಲಾರರು. ಬದುಕು ಮತ್ತೆ ಕಟ್ಟಿದರು ಅಂತ ನಾವು ಖುಷಿಯಿಂದ ಹೇಳುತ್ತೇವೆ. ಯಾರ ಬ್ಯಾನಿಯ ಮೇಲೆ ಕಟ್ಟಿದರು ಅಂತ ಘಟಕ್ ಕೇಳುತ್ತಾರೆ. ಧಾರವಾಡದ ಸಂಗೀತ ಕೇಳಿ ಬೆಳೆದವರಿಗೆ ಇದರಲ್ಲಿ ಅಣ್ಣ ಹಾಡುವ ಹಂಸಧ್ವನಿ ಕೂಡ ಬೇರೆ ಥರ ಕೇಳಿಸುತ್ತದೆ. ಆ ರಿಯಾಜಿನ ಖರ್ಚು ತಂಗಿಯದು.

ಇಷ್ಟು ಹೊತ್ತು ಬಂದವರ ಕಡೆಯಿಂದ ನೋಡಿದ್ದಾಯಿತು. ಮೊದಲೇ ಇದ್ದವರ ಕಡೆಯಿಂದ ನೋಡುವ ಸಿನಿಮಾಗಳು ಕಡಿಮೆ. ಜಪಾನಿನ ಆನಿಮೇಷನ್ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' (1988) ಒಂದು. 1945ರಲ್ಲಿ ಕೋಬೆ ನಗರದ ಮೇಲೆ ಬಾಂಬು ಬಿದ್ದು ತಾಯಿ ಸತ್ತ ಅಣ್ಣ ತಂಗಿ, ದೂರದ ಅತ್ತೆಯ ಮನೆಗೆ ಬರುತ್ತಾರೆ. ಅತ್ತೆ ರಾಕ್ಷಸಿ ಅಲ್ಲ. ಮೊದಲು ಸೇರಿಸಿಕೊಳ್ಳುತ್ತಾಳೆ. ಅಕ್ಕಿ ಕಡಿಮೆ ಆಗುತ್ತಾ ಹೋದ ಹಾಗೆ ಮಾತು ಚುಚ್ಚಲು ಶುರುವಾಗುತ್ತದೆ. ದುಡಿಯುವವರಿಗೆ ಅನ್ನ, ಇವರಿಗೆ ಗಂಜಿ. ಮಕ್ಕಳು ಮನೆ ಬಿಟ್ಟು ಕೆರೆಯ ದಂಡೆಯ ಬಂಕರಿಗೆ ಹೋಗುತ್ತಾರೆ. ನೆಂಟರ ಮನೆಯಲ್ಲಿ ಇದ್ದು ಓದಿದ ಯಾರಿಗೇ ಆದರೂ ಆ ಗಂಜಿಯ ಬಟ್ಟಲು ಅರ್ಥವಾಗುತ್ತದೆ. ನಾವು ಆ ಅತ್ತೆಯನ್ನು ಬೈಯುತ್ತೇವೆ. ನಾಲ್ಕು ತಿಂಗಳು ನಮ್ಮ ಮನೆಗೆ ಯಾರಾದರೂ ಬಂದು ಇದ್ದರೆ ನಾವು ಏನಾಗುತ್ತೇವೆ?

ಕೆನ್ ಲೋಚ್ ಅವರ 'ದಿ ಓಲ್ಡ್ ಓಕ್' (2023) ಇದಕ್ಕೆ ಇನ್ನೊಂದು ಉತ್ತರ ಕೊಡುತ್ತದೆ. ಇಂಗ್ಲೆಂಡಿನ ಉತ್ತರದಲ್ಲಿ ಗಣಿ ಮುಚ್ಚಿ ಹಾಳಾದ ಊರು. ಅಲ್ಲಿಗೆ ಸಿರಿಯಾದ ಕುಟುಂಬಗಳನ್ನು ತಂದು ಇಳಿಸುತ್ತಾರೆ. ಊರವರಿಗೆ ಸಿಟ್ಟು. ನಮಗೇ ಗತಿಯಿಲ್ಲ, ಇವರನ್ನು ಯಾಕೆ ತಂದಿರಿ ಅನ್ನೋದು ಅವರ ಪ್ರಶ್ನೆ. ಆ ಸಿಟ್ಟು ಬಂದದ್ದು ಎಲ್ಲಿಂದ ಅಂತ ಲೋಚ್ ತಾಳ್ಮೆಯಿಂದ ತೋರಿಸುತ್ತಾರೆ. 1984ರ ಗಣಿ ಮುಷ್ಕರದಲ್ಲಿ ಊರೆಲ್ಲ ಒಟ್ಟಿಗೆ ಉಂಡಿದ್ದ ಒಂದು ಕೋಣೆ ಬಾಗಿಲು ಹಾಕಿಕೊಂಡು ಬಿದ್ದಿರುತ್ತದೆ. ಅದನ್ನು ತೆರೆದು ಹಳಬರೂ ಹೊಸಬರೂ ಕೂಡಿ ಊಟ ಹಾಕುತ್ತಾರೆ. ಕೆಲವು ವಿಮರ್ಶಕರಿಗೆ ಇದು ಸರಳ ಅನಿಸಿತು. ನಮ್ಮ ಕಡೆಯ ದಾಸೋಹದ ಪಂಕ್ತಿಯಲ್ಲಿ ಕೂತು ಉಂಡವರಿಗೆ ಹಾಗೆ ಅನಿಸಲಿಕ್ಕಿಲ್ಲ.

ಈ ಸಿನಿಮಾಗಳ ಮೇಲೆ ಒಂದು ತಕರಾರು ಇದೆ, ಅದನ್ನು ಮುಚ್ಚಿಡಬಾರದು. ಬೇರೆಯವರ ಸಂಕಟವನ್ನು ತೆಗೆದು ತೋರಿಸುವುದು ಎಷ್ಟು ಸರಿ? 'ಮಿಡ್‌ನೈಟ್ ಟ್ರಾವೆಲರ್' (2019) ಅನ್ನು ಅಫ್ಘಾನಿಸ್ತಾನದ ಹಸನ್ ಫಜಿಲಿ ತನ್ನ ಹೆಂಡತಿ ಮಕ್ಕಳ ಜೊತೆ ಯೂರೋಪಿಗೆ ಹೋಗುವ ದಾರಿಯಲ್ಲಿ 3 ಮೊಬೈಲುಗಳಲ್ಲಿ ಚಿತ್ರೀಕರಿಸಿದ್ದಾರೆ. ಒಮ್ಮೆ ಮಗಳು ಕಾಣೆಯಾಗುತ್ತಾಳೆ. ಹುಡುಕುವಾಗ ಒಂದು ಕ್ಷಣ ಇದು ಒಳ್ಳೆಯ ದೃಶ್ಯ ಆಗುತ್ತದೆ ಅನ್ನೋ ಯೋಚನೆ ತನಗೆ ಬಂತು, ತನ್ನ ಬಗ್ಗೆ ತನಗೇ ಅಸಹ್ಯ ಆಯಿತು ಅಂತ ಅವರೇ ಹೇಳುತ್ತಾರೆ. ಆಗ ಪರದೆ ಕಪ್ಪಾಗಿರುತ್ತದೆ. ಇನ್ನೊಂದು ದಾರಿ ಡೆನ್ಮಾರ್ಕಿನ 'ಫ್ಲೀ' (2021) ಹಿಡಿದದ್ದು. ಅಫ್ಘಾನಿಸ್ತಾನದಿಂದ ರಷ್ಯಾ ದಾಟಿ ಡೆನ್ಮಾರ್ಕಿಗೆ ಬಂದ ಒಬ್ಬನ ನಿಜಕಥೆ. ಅವನ ದನಿ ನಿಜ, ಮುಖ ಮಾತ್ರ ಚಿತ್ರ ಬರೆದದ್ದು, ಹೆಸರು ಬದಲಿಸಿದ್ದು. ಕಳ್ಳಸಾಗಣೆದಾರರು ಹೇಳಿಕೊಟ್ಟಂತೆ ತನ್ನ ಮನೆಯವರೆಲ್ಲ ಸತ್ತರು ಅಂತ ಹೇಳಿ ಅವನು ಆಶ್ರಯ ಪಡೆದಿದ್ದ. ಆ ಸುಳ್ಳನ್ನು ವರ್ಷಾನುಗಟ್ಟಲೆ ಹೊತ್ತು ತಿರುಗಿದ. ಸಂಗಾತಿಯ ಜೊತೆ ಒಂದು ಮನೆ ಕೊಳ್ಳಲು ಹೋದಾಗಲೂ ಅವನ ಕಾಲು ಹಿಂದೆ ಬರುತ್ತದೆ. ಒಂದು ಕಡೆ ನೆಲೆ ನಿಲ್ಲುವುದು ಅಂದರೆ ಮತ್ತೆ ಕಳೆದುಕೊಳ್ಳಲು ತಯಾರಾಗುವುದು. ಅವನಿಗೆ ಆ ಧೈರ್ಯ ಬರಲು ಇಪ್ಪತ್ತು ವರ್ಷ ಬೇಕಾಯಿತು.

ಯುದ್ಧದಿಂದ ಓಡುವುದು, ಹೊಳೆಯಿಂದ ಓಡುವುದು ಒಂದೇ ಅಂತ ನಾನು ಹೇಳುವುದಿಲ್ಲ. ಹೊಳೆಗೆ ನಿಮ್ಮ ಮೇಲೆ ದ್ವೇಷ ಇರುವುದಿಲ್ಲ. ಆದರೂ ಇವುಗಳನ್ನು ನೋಡುವಾಗ ನನಗೆ ನಮ್ಮ ದೊಡ್ಡವ್ವನೇ ಕಣ್ಣ ಮುಂದೆ ಬರುತ್ತಾಳೆ. ಅವಳದು ಗದಗ ಜಿಲ್ಲೆಯ ನರಗುಂದ ತಾಲ್ಲೂಕು, ಮಲಪ್ರಭೆಯ ದಂಡೆ. 2009ರ ಪ್ರವಾಹದಲ್ಲಿ ಮಣ್ಣಿನ ಮನೆ ಕುಸಿಯಿತು. ಎತ್ತರದ ಜಾಗದಲ್ಲಿ ಸರ್ಕಾರದ 'ಆಸರೆ' ಯೋಜನೆಯ ಮನೆ ಸಿಕ್ಕಿತು. ಸಿಮೆಂಟಿನ ಗೋಡೆ, ಸಾಲು ಮನೆ, ಕರೆಂಟು. ಆದರೆ ದನ ಕಟ್ಟಲು ಜಾಗ ಇಲ್ಲ, ಬಣವಿ ಒಟ್ಟಲು ಜಾಗ ಇಲ್ಲ, ಹೊಲ ದೂರ. ಆ ಭಾಗದಲ್ಲಿ ಎಷ್ಟೋ ಆಸರೆ ಮನೆಗಳಿಗೆ ಜನ ಹೋಗಿ ಉಳಿಯಲಿಲ್ಲ. ದೊಡ್ಡವ್ವನೂ ಎರಡು ವರ್ಷ ಇದ್ದು, ಹಳೇ ಊರಿನಲ್ಲಿ ತಗಡು ಹಾಕಿಕೊಂಡು ವಾಪಸು ಬಂದಳು. "ಮನಿ ಕೊಟ್ಟಾರ, ಓಣಿ ಕೊಟ್ಟಿಲ್ಲ" ಅಂತ ಹೇಳುತ್ತಿದ್ದಳು. 2019ರಲ್ಲಿ ಹೊಳೆ ಮತ್ತೆ ಬಂತು.

ಹೋದ ತಿಂಗಳು ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ 'ಗರ್ಮ್ ಹವಾ' ಇತ್ತು. ಅವಳ ಪಕ್ಕ ಕೂತು ಹಾಕಿದೆ. ಉರ್ದು ಅವಳಿಗೆ ಬರುವುದಿಲ್ಲ. ನಾನು ಮೊದಮೊದಲು ಕನ್ನಡದಲ್ಲಿ ಹೇಳುತ್ತಿದ್ದೆ. ಹವೇಲಿ ಖಾಲಿ ಮಾಡುವ ದೃಶ್ಯ ಬಂತು. ಸಾಮಾನೆಲ್ಲ ಗಾಡಿಗೆ ಹೇರಿದ್ದಾರೆ, ಮಿರ್ಜಾನ ಮುದಿ ತಾಯಿ ಮಾತ್ರ ಕಾಣುತ್ತಿಲ್ಲ. ಮದುಮಗಳಾಗಿ ಕಾಲಿಟ್ಟ ಮನೆ ಅದು. ಬಿಡಲಾರದೆ ಆಕೆ ಒಂದು ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದಾಳೆ. ಮಕ್ಕಳು ಮೊಮ್ಮಕ್ಕಳು ಕೂಗುತ್ತಾ ಹುಡುಕುತ್ತಿದ್ದಾರೆ. ದೊಡ್ಡವ್ವ ನನ್ನ ಕೈ ಹಿಡಿದು ಮಾತು ನಿಲ್ಲಿಸಿದಳು. ಅರ್ಥ ಹೇಳುವುದು ಬೇಕಿರಲಿಲ್ಲ. ಆಕೆಯನ್ನು ಹುಡುಕಿ ಹೊರಗೆ ಎತ್ತಿ ತಂದಾಗ ದೊಡ್ಡವ್ವ ಪರದೆಯ ಕಡೆ ಬಾಗಿ ಜೋರಾಗಿ ಹೇಳಿದಳು:

"ಬಿಡ್ರೋ ಆಕಿನ್ನ. ಇನ್ನ ಎಷ್ಟ ದಿನ ಇರತಾಳ, ಅಲ್ಲೇ ಇರಲಿ."

ಸಾಯುವ ಮುಂಚೆ ಆ ಮುದುಕಿಯನ್ನು ಡೋಲಿಯಲ್ಲಿ ಹೊತ್ತು ಅದೇ ಮನೆಗೆ ಒಮ್ಮೆ ಕರೆತರುತ್ತಾರೆ. ಅದು ಬರುವ ತನಕ ದೊಡ್ಡವ್ವ ಎದ್ದು ಹೋಗಲಿಲ್ಲ. ಚಹಾ ಇಟ್ಟದ್ದು ಒಲೆಯ ಮೇಲೆ ಉಕ್ಕಿ ಆರಿಹೋಗಿತ್ತು.